ಸಂಸ್ಥೆಯ ಮಳೆ

೧೯೭೮ರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ಖಾಡಿ ಕಿನಾರಾ ಕಾಲೇಜಿನಲ್ಲಿ ಹವಾಮಾನ, ಭೂಗೋಳ ಮತ್ತು ವಿಮಾನಯಾನ ಎಂಬ ಪದವಿ ತರಗತಿ ವಿಧಿವತ್ತಾಗಿ ಆರಂಭವಾಯಿತು. ವಿಭಾಗಕ್ಕೆ ವಿಮಾನ ಇರಲಿಲ್ಲ. ಸಾಂತಾಕ್ರೂಜ್‌ನಲ್ಲಿ ಇಳಿಯುವ ವಿಮಾನಗಳು ಕಾಲೇಜಿನ ಮೇಲೆಯೇ ಹಾದುಹೋಗುತ್ತಿದ್ದುದರಿಂದ, ಅವುಗಳನ್ನು ವಿಭಾಗದ ಆಸ್ತಿ ಎಂದು ಭಾವಿಸಿ ಪಾಠ ನಡೆಯುತ್ತಿತ್ತು. ಮಳೆಮಾಪಕ ಮಾತ್ರ ಸ್ವಂತದ್ದು. ಅದು ತಾರಸಿಯ ಮೇಲೆ ಬೀಗ ಹಾಕಿದ ತಂತಿಬೇಲಿಯೊಳಗಿತ್ತು.

ನೀಲಗಂಗಾ ಈ ತರಗತಿಯ ವಿದ್ಯಾರ್ಥಿನಿ. ತಾಯಿ ರುದ್ರವ್ವ ವಿಜಾಪುರದ ಕಡೆಯವಳು. ಗಂಡ ತೀರಿದ ಮೇಲೆ ಸಾಲುಮನೆಗಳ ಚಾಳಿನಲ್ಲೇ ಜೋಳದ ರೊಟ್ಟಿ ಬಡಿದು ಮಾರಿ ಮಗಳನ್ನು ಓದಿಸುತ್ತಿದ್ದಳು. ಮಗಳು ವಿಮಾನ ನಿಲ್ದಾಣದಲ್ಲಿ ಹವಾಮಾನ ಹೇಳುವ ಅಧಿಕಾರಿಯಾಗಬೇಕೆಂದಿದ್ದಳು.

ಕೊನೆಯ ವರ್ಷದ ಜುಲೈನಲ್ಲಿ ಒಂದು ದಿನ ಭಾರೀ ಮಳೆ ಸುರಿದು ರೈಲುಗಳು ನಿಂತವು. ಕಾಲೇಜಿಗೆ ರಜೆ. ನೀಲಗಂಗಾ ಸೊಂಟಮಟ್ಟದ ನೀರಿನಲ್ಲಿ ನಡೆದುಹೋಗಿ, ಬೇಲಿ ಹಾರಿ, ಸಂಜೆ ಮಳೆ ನಿಂತ ಮೇಲೆ ನೀರನ್ನು ಅಳೆದಳು. ನೂರಾ ತೊಂಬತ್ತೆಂಟು ಮಿಲಿಮೀಟರ್. ತನ್ನ ಪ್ರಾಯೋಗಿಕ ಪುಸ್ತಕದಲ್ಲಿ ಬರೆದುಕೊಂಡು, ನಿಯಮದಂತೆ ಅಳೆದ ನೀರನ್ನು ಚೆಲ್ಲಿದಳು.

ಮರುದಿನ ಗುಮಾಸ್ತ ಲೀಲಾಧರ ಬಂದು ಬೇಲಿಯ ಕೀಲಿ ತೆಗೆದು ನೋಡಿದರೆ ಮಾಪಕ ಖಾಲಿ. ಅವನು ರಿಜಿಸ್ಟರಿನಲ್ಲಿ 'ಮಳೆ: ಸೊನ್ನೆ' ಎಂದು ಬರೆದು ಮೊಹರು ಹಾಕಿದ.

ಮುಂದಿನ ವಾರದ ಪ್ರಾಯೋಗಿಕ ಪರೀಕ್ಷೆಯಲ್ಲಿ ನೀಲಗಂಗಾ ನಪಾಸಾದಳು. ಅವಳ ಲೆಕ್ಕ ರಿಜಿಸ್ಟರಿಗೆ ತಾಳೆಯಾಗಲಿಲ್ಲ.

"ನೀವಽ ಹೇಳ್ರಿ, ಅವತ್ತ ಮಳಿ ಆಗಿರಲಿಲ್ಲೇನು?" ಎಂದು ಅವಳು ಲೀಲಾಧರನನ್ನು ಕೇಳಿದಳು.

"ಎಂತ ಮಾಡುವುದು ಮಾರಾಯ್ತಿ? ಕೀಲಿ ನನ್ನ ಕೈಯಲ್ಲಿ, ನಾನು ಕಳ್ವಾ ಸ್ಟೇಶನ್ನಿನಲ್ಲಿ, ರೈಲುಗಾಡಿ ನೀರಿನಲ್ಲಿ. ಪ್ರಿನ್ಸಿಪಾಲರನ್ನೇ ಕೇಳಿ."

ಪ್ರಿನ್ಸಿಪಾಲ್ ರಮಾಕಾಂತರು ಸಹಾನುಭೂತಿಯಿಂದಲೇ ಮಾತಾಡಿದರು. "ಮಳೆ ಬಂದದ್ದು ನನಗೂ ಗೊತ್ತಮ್ಮ. ನನ್ನ ಮನೆಯಲ್ಲಿ ಮಂಚ ತೇಲಿತ್ತು. ಆದರೆ ಅದು ಖಾಸಗಿ ಮಳೆ. ಸಂಸ್ಥೆಗೆ ಮಳೆ ಬಂದಿಲ್ಲ."

"ರಿಜಿಸ್ಟರ್ ತಿದ್ದಬಹುದಲ್ರೀ, ಸರ್?"

"ಒಂದು ದಿನ ತಿದ್ದಿದರೆ ಎಲ್ಲ ದಿನಗಳನ್ನೂ ತೆರೆದು ನೋಡುತ್ತಾರೆ. ಆಗ ನಮ್ಮ ಅನುದಾನ ಮುಚ್ಚುತ್ತದೆ."

ವಾರದೊಳಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: 'ರಜಾದಿನಗಳಲ್ಲಿ ಬೀಳುವ ಮಳೆಗೆ ಸಂಸ್ಥೆಯು ಜವಾಬ್ದಾರಿಯಲ್ಲ. ಅಂಥ ಮಳೆಯನ್ನು ಕಂಡಿರುವ ವಿದ್ಯಾರ್ಥಿಗಳು ತಪ್ಪೊಪ್ಪಿಗೆ ಬರೆದುಕೊಟ್ಟಲ್ಲಿ ಮರುಪರೀಕ್ಷೆಗೆ ಅವಕಾಶವಿದೆ.'

ನೀಲಗಂಗಾ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ರುದ್ರವ್ವ ಆ ಮಳೆಗೆ ನೆನೆದು ಮೊಳಕೆ ಬಂದ ಜೋಳವನ್ನು ಗ್ಯಾಲರಿಯಲ್ಲಿ ಹರವುತ್ತಾ ಹೇಳಿದಳು: "ಸೊನ್ನಿ ಬರದ ಬಿಡವಾ. ನೀ ಖರೇ ಬರದ್ರ ಈ ಜ್ವಾಳ ಒಣಗತಾವೇನು?"

ಆ ದಿನದ ಮಳೆ ಸೊನ್ನೆ ಎಂದು ನೀಲಗಂಗಾ ತಪ್ಪೊಪ್ಪಿಗೆ ಬರೆದುಕೊಟ್ಟಳು. ಅಕ್ಷರ ಚೆನ್ನಾಗಿಲ್ಲವೆಂದು ಲೀಲಾಧರ ಇನ್ನೊಮ್ಮೆ ಬರೆಸಿದ. ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು.

ಮರುವರ್ಷ ಹವಾಮಾನ ಇಲಾಖೆಯ ನೌಕರಿಯ ಸಂದರ್ಶನ. ಆಯ್ಕೆ ಮಂಡಳಿಯ ಅಧ್ಯಕ್ಷರು ಅವಳ ಕಡತ ತಿರುವಿ ಹಾಕಿದರು. "ಆ ಮಳೆಯ ದಿನ ನಾನು ಮುಂಬ್ರಾದ ಹತ್ತಿರ ರೈಲಿನಲ್ಲಿ ಒಂಬತ್ತು ತಾಸು ನಿಂತಿದ್ದೆ. ನೀವು ಸೊನ್ನೆ ಬರೆದಿದ್ದೀರಿ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಬೇಲಿ ಹಾರಿದ್ದು, ನೀರು ಅಳೆದದ್ದು, ತಪ್ಪೊಪ್ಪಿಗೆ, ಎಲ್ಲವನ್ನೂ ಹೇಳಿಬಿಟ್ಟಳು. ನೌಕರಿ ಹೋಯಿತೆಂದೇ ಎದ್ದು ನಿಂತಳು.

"ಕೂತ್ಕೊಳ್ಳಿ," ಎಂದರು ಅಧ್ಯಕ್ಷರು. "ಅಳೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಳೆದ ಮೇಲೂ ಸೊನ್ನೆ ಬರೆದುಕೊಡುವವರು ಸಿಗುವುದಿಲ್ಲ."

ನೇಮಕಾತಿ ಪತ್ರ ಹದಿನೈದು ದಿನದಲ್ಲಿ ಬಂತು.

ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಒಂದು ಬೆಳಗ್ಗೆ ಅವಳು ಹಾಲಿನ ಬಾಟಲಿ ಹಿಡಿದು ತೊಯ್ದು ತೊಪ್ಪೆಯಾಗಿ ಒಳಗೆ ಬಂದಳು. ರುದ್ರವ್ವ ಒಗೆದ ಸೀರೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮಳಿ ಐತೇನವಾ ಹೊರಗ?"

ನೀಲಗಂಗಾ ಸೆರಗು ಹಿಂಡುತ್ತಾ ಸ್ವಲ್ಪ ಯೋಚಿಸಿದಳು. "ಇನ್ನೂ ಸಾಹೇಬರ ಸಹಿ ಆಗಿಲ್ಲವ್ವಾ."

ರುದ್ರವ್ವ ಹೊರಗೆ ಹೋಗಿ ಸೀರೆಗಳನ್ನು ತಂತಿಗೆ ಒಣಹಾಕಿದಳು. ಹವಾಮಾನದ ಆಫೀಸಿನವರ ಮನೆಯಲ್ಲೇ ಒಣಹಾಕಿದ್ದನ್ನು ಕಂಡು, ಚಾಳಿನ ಉಳಿದವರೂ ತಮ್ಮ ತಮ್ಮ ಬಟ್ಟೆಗಳನ್ನು ಹೊರಗೆ ತಂದರು.