ಸಲೂನ್ ತಾತನ ಕೈಯೊಳಗೆ ನನ್ನ ಕೈ

"ಮಕ್ಕಳ ಕೆಲಸದಲ್ಲಿ ದೊಡ್ಡವರು ಕೈ ಹಾಕಬಾರದು!"

ಹೀಗೆಂದು ಕಳೆದ ಭಾನುವಾರ ನಾನು ತುಂಬಿದ ಸಭೆಯಲ್ಲಿ ಗುಡುಗಿದೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಅಪ್ಪ ಅಮ್ಮಂದಿರ ಸಭೆ ಅದು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ತಾಯಿಯೊಬ್ಬರು ಕಣ್ಣೊರೆಸಿಕೊಂಡರು. ಅವರಿಗೆ ನೆಗಡಿಯಾಗಿತ್ತು ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ಇರಲಿ, ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ನಮ್ಮ ಮನೆಶಾಲೆಗೆ ನಾನೇ ಮುಖ್ಯೋಪಾಧ್ಯಾಯ, ಗಂಟೆ ಬಾರಿಸುವ ಜವಾನನೂ ನಾನೇ. ಹೊಟ್ಟೆಪಾಡಿಗೆ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ನೀವು ಮಿಕ್ಸಿಯನ್ನೋ ನೀರಿನ ಪಂಪನ್ನೋ ಕೊಂಡಾಗ ಡಬ್ಬದೊಳಗೆ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ಬಿಚ್ಚದೆ ನೇರವಾಗಿ ರದ್ದಿಗೆ ಹಾಕುತ್ತೀರಲ್ಲ, ಆ ಮಹಾಕೃತಿಯ ಕರ್ತೃ ನಾನೇ! 'ಎಚ್ಚರಿಕೆ: ಯಾವುದೇ ಕಾರಣಕ್ಕೂ ಒಳಗೆ ಕೈ ಹಾಕಬೇಡಿ' ಎಂಬ ವಾಕ್ಯವನ್ನು ನನ್ನಷ್ಟು ಸಲ ಬರೆದವರು ಭೂಮಂಡಲದಲ್ಲಿ ಇನ್ನೊಬ್ಬರು ಇರಲಾರರು. ಇಷ್ಟು ಗೊತ್ತಿದ್ದರೆ ಮುಂದಿನ ಕಥೆ ನಿಮಗೆ ಇನ್ನೂ ಚೆನ್ನಾಗಿ ರುಚಿಸುತ್ತದೆ.

ಮಗನಿಗೆ ಹದಿಮೂರು. ಮೆಟ್ಟಿಲ ಕೆಳಗೆ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿ ಮಾರುತ್ತಾನೆ. ಬೀದಿಯವರೆಲ್ಲ ಅವನನ್ನು ಸೈಕಲ್ ಡಾಕ್ಟರ್ ಎನ್ನುತ್ತಾರೆ. ಮಗಳಿಗೆ ಹದಿನಾರು. ಅವಳು ಕೈಗಳನ್ನು ಮಾಡುತ್ತಾಳೆ. ಗಾಬರಿಯಾಗಬೇಡಿ, ಪ್ಲಾಸ್ಟರಿನ ಕೈ. ಅವಳಮ್ಮ ಹಲ್ಲಿನ ಆಸ್ಪತ್ರೆಯಲ್ಲಿ ಕಟ್ಟು ಹಲ್ಲು ತಯಾರಿಸುವವಳು. ಅಲ್ಲಿ ಬಾಯಿಯ ಅಚ್ಚು ತೆಗೆಯಲು ಒಂದು ಪುಡಿ ಇದೆ. ನೀರಿಗೆ ಕಲಸಿದರೆ ಮೊದಲು ಹಿಟ್ಟಿನಂತೆ ಇರುತ್ತದೆ, ನೋಡನೋಡುತ್ತಲೇ ರಬ್ಬರಿನಂತಾಗುತ್ತದೆ. ಬಕೆಟ್ಟಿನಲ್ಲಿ ಅದನ್ನು ಕಲಸಿ ನಿಮ್ಮ ಕೈ ಅದ್ದಿಸುತ್ತಾಳೆ. ಗಟ್ಟಿಯಾದ ಮೇಲೆ ಮೆಲ್ಲಗೆ ಹೊರಗೆಳೆದರೆ ಒಳಗೆ ನಿಮ್ಮ ಕೈಯ ಪೊಳ್ಳು ಅಚ್ಚು. ಅದಕ್ಕೆ ಪ್ಲಾಸ್ಟರ್ ಸುರಿದು, ಆರಿದ ಮೇಲೆ ರಬ್ಬರು ಹರಿದು ತೆಗೆದರೆ, ಗೆರೆ, ಗಂಟು, ಉಗುರಿನ ಸೀಳು ಸಮೇತ ನಿಮ್ಮದೇ ಕೈ! ಕೂಸುಗಳ ಪಾದ, ಹೊಸ ದಂಪತಿಗಳ ಹಸ್ತ ಎಂದು ಹುಡುಗಿಗೆ ನಮ್ಮಿಬ್ಬರ ಗುರುತಿನ ಗಿರಾಕಿಗಳು ಒಬ್ಬೊಬ್ಬರಾಗಿ ಸಿಗತೊಡಗಿದ್ದರು.

ನನ್ನ ಭಾಷಣವಾದ ಎರಡೇ ದಿನಕ್ಕೆ ಬಂದದ್ದು ಸಲೂನ್ ತಾತ. ಮೂಲೆಯ ಸಲೂನಿನ ಯಜಮಾನರು. ನನ್ನ ತಲೆಯಲ್ಲಿ ಕೂದಲಿದ್ದ ಕಾಲದಿಂದಲೂ ಅದನ್ನು ಕತ್ತರಿಸುತ್ತ ಬಂದವರು. ಕತ್ತರಿ ಹಿಡಿದು ಹಿಡಿದು ಅವರ ಬಲಗೈಯ ಕಿರುಬೆರಳು ಕುಡುಗೋಲಿನಂತೆ ಬಾಗಿಬಿಟ್ಟಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕುಯ್ದು ನೇರ ಮಾಡುವವರಿದ್ದರು. ಅವರ ಹೆಂಡತಿ, ಅಂದರೆ ಸಲೂನ್ ಅಜ್ಜಿ, ಮುಂಚೆಯೇ ಬಂದು ಮಗಳ ಹತ್ತಿರ ಹೇಳಿ ಹೋಗಿದ್ದರು.

"ಆ ಡೊಂಕು ಬೆರಳಿಲ್ಲದ ಕೈ ನಂಗೆ ಗುರುತೇ ಸಿಗಲ್ಲ ಕಣಮ್ಮ. ಅವರು ನೇರ ಮಾಡೋಕೆ ಮುಂಚೆ ಒಂದು ಅಚ್ಚು ತೆಗೆದುಕೊಡು. ಆಮೇಲೆ ಬೇಕು ಅಂದ್ರೂ ಸಿಗಲ್ಲ."

ತಾತ ಮಧ್ಯಾಹ್ನ ಬಂದು ಅಚ್ಚು ಕೊಟ್ಟು ಹೋದರು. ಅಚ್ಚು ಸೊಗಸಾಗಿ ಬಂತು. ಪ್ಲಾಸ್ಟರ್ ಕಲಸೋಣವೆಂದು ಚೀಲ ಬಿಚ್ಚಿದರೆ, ತೇವ ತಗುಲಿ ಪುಡಿಯೆಲ್ಲ ಹೆಂಟೆಯಾಗಿತ್ತು.

"ಅಪ್ಪಾ, ನಾನು ಓಡಿಹೋಗಿ ಹೊಸಾ ಪ್ಲಾಸ್ಟರ್ ತರ್ತೀನಿ. ಈ ಅಚ್ಚು ಒಣಗಿದ್ರೆ ಕುಗ್ಗಿಹೋಗುತ್ತೆ. ಮೇಲಿನ ಬಟ್ಟೆ ಒಣಗದ ಹಾಗೆ ನೀರು ಚಿಮುಕಿಸ್ತಾ ಇರು. ಅಷ್ಟೇ. ಬೇರೇನೂ ಮಾಡಬೇಡ."

"ನಾನು ಯಾರು ಅಂದ್ಕೊಂಡಿದ್ದೀಯ?" ಎಂದೆ.

"ಅದಕ್ಕೇ ಹೇಳ್ತಿರೋದು" ಎಂದು ಅವಳು ಹೊರಟಳು.

ಬಟ್ಟೆ ಒಗೆಯುವ ಕೋಣೆ. ಕಲ್ಲಿನ ಮೇಲೆ ನೀಲಿ ಬಕೆಟ್ಟು, ಅದರ ಮೇಲೆ ಒದ್ದೆ ಬಟ್ಟೆ. ನಾನು ನೀರು ಚಿಮುಕಿಸಿದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೆ ಚಿಮುಕಿಸಿದೆ. ಒಬ್ಬ ಮುಖ್ಯೋಪಾಧ್ಯಾಯ ಎಷ್ಟು ಹೊತ್ತು ಬರೀ ನೀರು ಚಿಮುಕಿಸಿಕೊಂಡು ಕೂರಬಹುದು ಹೇಳಿ! ಬಟ್ಟೆಯ ತುದಿ ಎತ್ತಿ ನೋಡಿದೆ. ಬಿಳಿಯ ರಬ್ಬರಿನ ನಡುವೆ ಒಂದು ಕತ್ತಲ ಗವಿ. ಒಳಗೆ ನೀರು ನಿಂತಿದೆಯೋ ಏನೋ? ನಿಂತಿದ್ದರೆ ಪ್ಲಾಸ್ಟರ್ ಕೆಡುವುದಿಲ್ಲವೆ? ಗುಣಮಟ್ಟ ಪರೀಕ್ಷೆ ಮಾಡುವುದು ನನ್ನ ಕರ್ತವ್ಯವಲ್ಲವೆ?

ನಿಜ ಹೇಳಿಬಿಡುತ್ತೇನೆ. ನೀರೂ ಇಲ್ಲ, ಕರ್ತವ್ಯವೂ ಇಲ್ಲ. ಇಷ್ಟು ವರ್ಷ ನನ್ನ ತಲೆಯನ್ನು ಬೇಕಾದ ಹಾಗೆ ತಿರುಗಿಸಿದ ಆ ಕೈ ನನ್ನ ಕೈಗಿಂತ ದೊಡ್ಡದೋ ಚಿಕ್ಕದೋ ನೋಡಬೇಕೆನಿಸಿತು, ಅಷ್ಟೆ. ಬಲಗೈ ಒಳಗಿಟ್ಟೆ.

ಬೆರಳುಗಳು ಸಲೀಸಾಗಿ ಇಳಿದವು. ಕುರ್ಚಿಯಲ್ಲಿ ಕೂತು ಅಕ್ಷರ ಒತ್ತುವ ನನ್ನ ಬೆರಳು ಕಡ್ಡಿ, ತಾತನದು ದಪ್ಪ. ಅಂಗೈ ಮಾತ್ರ ನನ್ನದೇ ಅಗಲ. ತುಸು ಒತ್ತಿದೆ. ಪಚಕ್ಕೆಂದು ಒಳಗಿನ ಗಾಳಿಯೆಲ್ಲ ಹೊರಬಂತು. ಕೈ ಮಣಿಕಟ್ಟಿನವರೆಗೆ ಕೂತುಬಿಟ್ಟಿತು. ಆಹಾ, ಅಳತೆ ತೆಗೆದು ಹೊಲಿಸಿದ ಹಾಗಿದೆ ಎಂದುಕೊಂಡು ಹೊರಗೆಳೆದೆ.

ಬರಲಿಲ್ಲ!

ಇನ್ನೊಮ್ಮೆ ಎಳೆದೆ. ಬಕೆಟ್ಟೇ ನನ್ನ ಜೊತೆ ಎದ್ದಿತು. ಜೋರಾಗಿ ಎಳೆದರೆ ಅಚ್ಚು ಹರಿಯುತ್ತದೆ. ಹರಿದರೆ ತಾತನ ಡೊಂಕು ಬೆರಳು ಈ ಭೂಮಿಯ ಮೇಲೆ ಇನ್ನೆಲ್ಲೂ ಸಿಗುವುದಿಲ್ಲ. ಎಳೆಯದಿದ್ದರೆ ನನ್ನ ಮೈಯ ಬಿಸಿಗೆ ಅಚ್ಚು ಒಳಗಿನಿಂದಲೇ ಒಣಗುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ಬಕೆಟ್ಟು!

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಮಗಳೇ ಇರಬೇಕು ಎಂದು ಹೆದರಿ ಸುಮ್ಮನಿದ್ದೆ. ಮತ್ತೆ ಸದ್ದಾಯಿತು. ಬಕೆಟ್ಟನ್ನು ಕೂಸಿನಂತೆ ಎದೆಗವಚಿಕೊಂಡು, ಅದರ ಮೇಲೆ ಟವೆಲ್ ಹೊದಿಸಿ, ಎಡಗೈಯಲ್ಲಿ ಬಾಗಿಲು ತೆರೆದೆ. ಎದುರಿಗೆ ಸಲೂನ್ ಅಜ್ಜಿ!

"ಏನ್ರೀ ಮೇಷ್ಟ್ರೇ, ಬಕೆಟ್ಟು ಹಿಡ್ಕೊಂಡು?"

"ಕೈ... ತೊಳೀತಿದ್ದೆ."

"ಬಾಗಿಲಿಗೆ ಬಂದ್ಮೇಲೂನಾ?"

"ಸ್ವಲ್ಪ ಜಾಸ್ತಿನೇ ಕೊಳೆಯಾಗಿತ್ತು."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಮ್ಮವರ ಕೈ ಹುಷಾರಾಗಿದೆ ತಾನೆ?"

"ಏನೂ ಯೋಚನೆ ಮಾಡಬೇಡಿ. ಅದು ಸದ್ಯಕ್ಕೆ ನನ್ನ ಕೈಯಲ್ಲೇ ಇದೆ."

ಜೀವನದಲ್ಲಿ ಇಷ್ಟು ಅಪ್ಪಟ ನಿಜವನ್ನು ನಾನು ಇಷ್ಟು ಕೆಟ್ಟ ಉದ್ದೇಶಕ್ಕೆ ಹೇಳಿದ್ದಿಲ್ಲ.

"ಸಂಜೆಗೇ ಆಸ್ಪತ್ರೆಗೆ ಸೇರಬೇಕಂತೆ" ಎಂದರು ಅಜ್ಜಿ. ದನಿ ಸಣ್ಣದಾಗಿತ್ತು. "ಅವರಿಗೆ ಹೆದರಿಕೆ. ಬಾಯಿಬಿಟ್ಟು ಹೇಳಲ್ಲ. ಹೋಗೋಕೆ ಮುಂಚೆ ಆ ಕೈ ಒಂದ್ಸಲ ನೋಡ್ತೀನಿ ಅಂತಾರೆ. ಕತ್ತಲಾಗೋಕೆ ಮುಂಚೆ ಬಂದು ತಗೊಂಡು ಹೋಗ್ತೀನಿ, ಆಯ್ತಾ?"

"ಆಯ್ತು" ಎಂದೆ. ಬಾಗಿಲು ಹಾಕಿದೆ. ತಮಾಷೆ ಅಲ್ಲಿಗೆ ಮುಗಿದಿತ್ತು. ನನಗೆ ನಿಜಕ್ಕೂ ಭಯವಾಯಿತು.

"ಲೋ ಡಾಕ್ಟ್ರೇ!" ಎಂದು ಕೂಗಿದೆ. ಮಗ ಮೆಟ್ಟಿಲ ಕೆಳಗಿನಿಂದ ಎಣ್ಣೆ ಕೈಯಲ್ಲೇ ಬಂದ. ನೋಡಿದ. ನಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

"ಅಕ್ಕ ಕೊಂದುಹಾಕ್ತಾಳೆ" ಎಂದ.

"ಮೊದಲು ಅಮ್ಮಂಗೆ ಫೋನ್ ಹಚ್ಚು."

ಅವನು ಫೋನನ್ನು ನನ್ನ ಕಿವಿಗೆ ಹಿಡಿದ. ಆ ಕಡೆ ಕಟ್ಟು ಹಲ್ಲು ಉಜ್ಜುವ ಯಂತ್ರದ ಕಿರ್ರೆಂಬ ಸದ್ದು.

"ಏನ್ರೀ? ಬೇಗ ಹೇಳಿ, ಕೆಲಸ ಇದೆ."

"ಏನಿಲ್ಲ, ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ. ನಿಮ್ಮ ಪುಡಿಯ ಅಚ್ಚಿನೊಳಗೆ ಯಾರಾದ್ರೂ... ಉದಾಹರಣೆಗೆ... ಕೈ ಹಾಕಿ ಸಿಕ್ಕಿಹಾಕ್ಕೊಂಡ್ರೆ?"

ಯಂತ್ರ ನಿಂತಿತು.

"ಎಷ್ಟು ಒಳಗೆ ಹೋಗಿದೆ?"

"ಮಣಿಕಟ್ಟಿನವರೆಗೆ."

"ಬೆರಳು ಆಡಿಸಿದ್ರಾ?"

"ಇಲ್ಲ. ಆಡಿಸಲಾ?"

"ಬೇಡ! ಏನೂ ಮಾಡಬೇಡಿ! ಯೋಚನೆ ಕೂಡ ಮಾಡಬೇಡಿ, ಅದರಿಂದಾನೇ ಇಷ್ಟೆಲ್ಲ ಆಗಿರೋದು. ಒಳಗೆ ಗಾಳಿ ಇಲ್ಲ, ಅದಕ್ಕೇ ಕಚ್ಚಿಕೊಂಡಿದೆ. ಒಳಕ್ಕೆ ಗಾಳಿ ಹೋದ್ರೆ ತಾನಾಗೇ ಬಿಡುತ್ತೆ. ಆದ್ರೆ ನೀವು ಮುಟ್ಟಬೇಡಿ, ಮಗಳು ಬರ್ಲಿ. ನಾನೂ ಹೊರಡ್ತೀನಿ."

ಮಗಳು ಬಂದಾಗ ನಾನು ಒಗೆಯುವ ಕಲ್ಲಿನ ಪಕ್ಕ ನೆಲದ ಮೇಲೆ ಕೂತಿದ್ದೆ, ಬಕೆಟ್ಟು ಮಡಿಲಲ್ಲಿ. ಅವಳ ಹೆಗಲ ಮೇಲೆ ಪ್ಲಾಸ್ಟರಿನ ಚೀಲ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಚೀಲ ಕೆಳಗಿಟ್ಟಳು.

"ನನಗೆ ಅಂತ ಮೊದಲನೇ ಸಲ ಒಬ್ಬರು ಹುಡುಕಿಕೊಂಡು ಬಂದಿದ್ರು ಅಪ್ಪಾ. ನಿನ್ನ ಗುರುತಿನವರು ಅಂತಲ್ಲ, ಅಮ್ಮನ ಆಸ್ಪತ್ರೆಯವರು ಅಂತಲ್ಲ. ನನ್ನ ಕೆಲಸ ನೋಡಿ ಬಂದಿದ್ರು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ಅಳು ಬಂತು. ಆದರೆ ಬಕೆಟ್ಟು ಅಲುಗಾಡೀತೆಂದು ಅಳಲೂ ಇಲ್ಲ.

ಅವಳು ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿದಳು. "ಸಣ್ಣ ಟ್ಯೂಬ್ ಇದೆಯೇನೋ? ಮೆತ್ತಗಿರಬೇಕು."

ಡಾಕ್ಟರು ಓಡಿಹೋಗಿ ಹುಲ್ಲುಕಡ್ಡಿಯಷ್ಟು ತೆಳ್ಳನೆಯ ರಬ್ಬರ್ ಕೊಳವೆ ತಂದ. ಮಗಳು ಅದಕ್ಕೆ ಸೋಪಿನ ನೀರು ಹಚ್ಚಿ ನನ್ನ ಮಣಿಕಟ್ಟಿನ ಪಕ್ಕದಿಂದ ಕೂದಲೆಳೆಯಷ್ಟಷ್ಟೇ ಒಳಗೆ ಸರಿಸತೊಡಗಿದಳು. ಮೂವರೂ ಉಸಿರು ಬಿಗಿಹಿಡಿದಿದ್ದೆವು. ನನ್ನ ಮೂಗಿನ ಮೇಲೆ ನೊಣ ಕೂತಿತು. ಆ ನೊಣಕ್ಕೆ ಗೊತ್ತಿತ್ತು, ಈತ ಇವತ್ತು ಏನೂ ಮಾಡಲಾರ ಎಂದು! ಅದು ಮೂಗಿನಿಂದ ತುಟಿಗೆ, ತುಟಿಯಿಂದ ಕೆನ್ನೆಗೆ ಸಾವಕಾಶವಾಗಿ ವಾಯುವಿಹಾರ ಮಾಡಿತು.

"ಈಗ ಊದು" ಎಂದಳು ಮಗಳು. "ಮೆತ್ತಗೆ. ಸೈಕಲ್ ಚಕ್ರ ಅಲ್ಲ ಇದು."

ಡಾಕ್ಟರು ಕೊಳವೆಗೆ ಬಾಯಿಟ್ಟು ಊದಿದ. ಒಳಗೆ ಬುಳುಕ್ ಎಂದಿತು. ತಣ್ಣಗಿನ ಗಾಳಿ ಬೆರಳ ತುದಿಗೆ ತಾಕಿತು.

"ಅಪ್ಪಾ, ಈಗ ಬೆರಳು ಸಡಿಲ ಬಿಡು. ನೀನು ಎಳೀಬೇಡ. ನಾನೇ ತೆಗೀತೀನಿ."

ಅವಳು ನನ್ನ ಮುಂಗೈ ಹಿಡಿದು ಇಷ್ಟಿಷ್ಟೇ ಎತ್ತಿದಳು. ಕೈ ಬಂತು! ಒದ್ದೆಯಾಗಿ, ಬೆಳ್ಳಗೆ, ಸುಕ್ಕುಸುಕ್ಕಾಗಿ, ಆಗಷ್ಟೇ ಹುಟ್ಟಿದ ಕೂಸಿನ ಹಾಗೆ. ಮಗಳು ಕೈಯ ಕಡೆ ನೋಡಲೂ ಇಲ್ಲ. ಟಾರ್ಚ್ ಹಿಡಿದು ಅಚ್ಚಿನೊಳಗೆ ಇಣುಕಿದಳು.

"ಮೇಲ್ಗಡೆ ಹರಿದಿಲ್ಲ. ಕೆಳಗೆ ಬಾಗಿರೋ ಕಡೆ ಕಾಣಿಸ್ತಿಲ್ಲ. ಸುರಿದು ನೋಡದೆ ಬೇರೆ ದಾರಿ ಇಲ್ಲ."

ಪ್ಲಾಸ್ಟರ್ ಕಲಸಿದಳು, ಸುರಿದಳು, ಗುಳ್ಳೆ ಹೋಗಲೆಂದು ಬಕೆಟ್ಟನ್ನು ತಟ್ಟಿದಳು. ಅದು ಆರಬೇಕಿತ್ತು. ಹೆಂಡತಿ ಬಂದು ನನ್ನನ್ನು ಒಮ್ಮೆ ನೋಡಿ, ಮಗಳ ಪಕ್ಕ ಕೂತಳು. ಕಿಟಕಿಯ ಬೆಳಕು ಹಳದಿಯಾಯಿತು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಬಾಗಿಲ ಬಳಿ ನಿಂತೇ ಇದ್ದೆ. ಹೇಳಿಕೇಳಿ ನಮ್ಮ ಶಾಲೆಯಲ್ಲಿ ಪರೀಕ್ಷೆಯೇ ಇಲ್ಲ!

ಕೊನೆಗೆ ಬಕೆಟ್ಟು ಬೋರಲು ಹಾಕಿ ಮಗಳು ರಬ್ಬರು ಹರಿಯತೊಡಗಿದಳು. ಮಣಿಕಟ್ಟು ಬಂತು. ಹೆಬ್ಬೆರಳು ಬಂತು. ತೋರುಬೆರಳು, ನಡುಬೆರಳು. ಆಮೇಲೆ ಕಿರುಬೆರಳು. ಕುಡುಗೋಲಿನಂತೆ ಬಾಗಿ, ಗಂಟು ಗಂಟಾಗಿ, ಒಂದಿಷ್ಟೂ ಮುಕ್ಕಾಗದೆ!

"ಬಂತು!" ಎಂದು ಡಾಕ್ಟರು ಕುಣಿದ. ನಾನೂ ಕುಣಿಯಲು ಒಂದು ಕಾಲೆತ್ತಿದೆ.

"ಇದೇನಿದು?" ಎಂದಳು ಮಗಳು.

ಉಂಗುರದ ಬೆರಳಿನ ಸುತ್ತ ಕೊನೆಯ ಚೂರು ರಬ್ಬರು ಅಂಟಿತ್ತು. ಅದನ್ನು ಬಿಡಿಸಿದರೆ ಒಳಗೆ ಏನೋ ಫಳಫಳ ಹೊಳೆಯಿತು. ಬೆಳ್ಳಗಿನ ಪ್ಲಾಸ್ಟರ್ ಬೆರಳಿಗೆ ಒಂದು ಚಿನ್ನದ ಉಂಗುರ! ಎಲ್ಲರೂ ನನ್ನ ಬಲಗೈ ನೋಡಿದರು. ನಾನೂ ನೋಡಿದೆ. ಬೆರಳು ಬೋಳು. ಮದುವೆಯ ಉಂಗುರ ಅಚ್ಚಿನೊಳಗೇ ಜಾರಿ ಉಳಿದು, ಪ್ಲಾಸ್ಟರು ಅದರೊಳಗಿಂದಲೇ ಹಾದುಹೋಗಿ ಗಟ್ಟಿಯಾಗಿತ್ತು.

"ಉಂಗುರ ಬೇಕಂದ್ರೆ ಬೆರಳು ಮುರೀಬೇಕು" ಎಂದಳು ಮಗಳು.

"ಇಲ್ಲಾಂದ್ರೆ ಉಂಗುರ ಕುಯ್ಯಬೇಕು. ಗರಗಸ ತರ್ಲಾ?" ಎಂದ ಡಾಕ್ಟರು.

ಕರೆಗಂಟೆ ಸದ್ದಾಯಿತು.

"ಅವರಿಗೇನೂ ಹೇಳೋದು ಬೇಡ" ಎಂದು ನಾನು ಪಿಸುಗುಟ್ಟಿದೆ. "ಅಂದಕ್ಕೆ ಅಂತ ನಾವೇ ಹಾಕಿದ್ದು ಅನ್ನೋಣ. ನಾಳೆ ಏನಾದ್ರೂ ಮಾಡೋಣ."

ಮಗಳು ನನ್ನನ್ನು ನೋಡಿದ ರೀತಿಗೆ ನಾನು ಅಲ್ಲೇ ಕುಗ್ಗಿಹೋದೆ. ಒಣಗಿದ ಅಚ್ಚೂ ಅಷ್ಟು ಕುಗ್ಗುವುದಿಲ್ಲ.

"ಕೆಲಸ ನಂದು. ಹೇಳೋದೂ ನಾನೇ."

ಬಾಗಿಲು ತೆರೆದು ಅಜ್ಜಿಗೆ ಹೇಳಿಯೂಬಿಟ್ಟಳು. ಒಂದೂ ಮುಚ್ಚಿಡದೆ, ಒಂದೂ ಹೆಚ್ಚು ಮಾಡದೆ. "ಅಚ್ಚಿನೊಳಗೆ ನಮ್ಮಪ್ಪ ಕೈ ಹಾಕಿದ್ರು ಅಜ್ಜಿ. ಅವರ ಉಂಗುರ ಸೇರಿಕೊಂಡುಬಿಟ್ಟಿದೆ. ಇದು ಸರಿಯಾದ ಕೆಲಸ ಅಲ್ಲ. ಕಿರುಬೆರಳಿಗೆ ಏನೂ ಆಗಿಲ್ಲ. ಉಂಗುರ ಕತ್ತರಿಸಿ ತೆಗೀತೀನಿ, ಸ್ವಲ್ಪ ಗೀರು ಬೀಳಬಹುದು. ನಿಮಗೆ ಬೇಡ ಅಂದ್ರೆ ಬೇಡ. ನಾನು ತಪ್ಪು ತಿಳಿಯಲ್ಲ."

ಅಜ್ಜಿ ಪ್ಲಾಸ್ಟರಿನ ಕೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಡೊಂಕು ಬೆರಳನ್ನು ಸವರಿದರು. ಆಮೇಲೆ ಉಂಗುರವನ್ನು. ಡಾಕ್ಟರು ಗರಗಸ ಹಿಡಿದು ಬಂದು ನಿಂತಿದ್ದ.

"ಮುಟ್ಟಿದ್ರೆ ಜೋಕೆ!" ಎಂದು ಅಜ್ಜಿ ಗದರಿದರು. ಕಣ್ಣಲ್ಲಿ ನೀರು ತುಂಬಿತ್ತು. "ಮದುವೆ ದಿನ ಇದೇ ಬೆರಳಿಗೆ ತೊಡಿಸಿದ್ದೆ ಕಣಮ್ಮ. ಮಾರನೇ ದಿನಾನೇ ತೆಗೆದಿಟ್ಟರು. ಕತ್ತರಿಯೊಳಗೆ ಬೆರಳು ತೂರಬೇಕಲ್ಲ, ಅಡ್ಡ ಬರುತ್ತೆ ಅಂತ. ಅವತ್ತಿಂದ ಅದು ಡಬ್ಬೀಲೇ ಇದೆ. ಈ ಕೈಯಲ್ಲಿ ಉಂಗುರ ನೋಡ್ತಿರೋದು ಇವತ್ತೇ." ಮಗಳ ಗಲ್ಲ ಹಿಡಿದು, "ನೀನು ನಿಜ ಹೇಳಿದೆಯಲ್ಲ, ನಮ್ಮ ಸಲೂನಿಗೆ ಬರೋರಿಗೆಲ್ಲ ನಿನ್ನ ಹೆಸರೇ ಹೇಳ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮವರ ಉಂಗುರ ನಾಳೆ ತಂದುಕೊಡ್ತೀನಿ ಮೇಷ್ಟ್ರೇ, ನೀವು ಹಾಕ್ಕೊಳ್ಳಿ. ಇದು ಈ ಬೆರಳಲ್ಲೇ ಇರ್ಲಿ."

ನಾನು ಎದೆ ಸೆಟೆಸಿದೆ. ಎಂಥ ಮಾತು! ಅದು ನನ್ನ ಹೆಂಡತಿ ತನ್ನ ಕೈಯಾರೆ ತೊಡಿಸಿದ ಉಂಗುರ. ಯಾರದೋ ಪ್ಲಾಸ್ಟರ್ ಬೆರಳಿಗೆ ಅವಳು ಹೇಗೆ ಒಪ್ಪುತ್ತಾಳೆ? ಈಗ ನೋಡಿ, ಸಿಡಿಲು ಬೀಳುತ್ತದೆ ಎಂದು ಅವಳ ಮುಖ ನೋಡಿದೆ.

ಅಜ್ಜಿಗೂ ಅದೇ ಅಳುಕು. "ನೀವು ಹಾಕಿದ್ದಲ್ವೇನಮ್ಮ? ಬೇಜಾರಾಗಲ್ವಾ?"

"ಬೇಜಾರು ಯಾಕೆ ಅಜ್ಜಿ?" ಎಂದಳು ನನ್ನ ಹೆಂಡತಿ, ನಿಟ್ಟುಸಿರು ಬಿಟ್ಟು. "ಇಷ್ಟು ವರ್ಷಕ್ಕಾದ್ರೂ ಅದಕ್ಕೊಂದು ಕೆಲಸ ಬಲ್ಲ ಕೈ ಸಿಕ್ಕಿತಲ್ಲ!"