ತಣ್ಣಗೆ ನಿಂತ ಕಾರು

ಹೊಗೆ ಪರೀಕ್ಷೆಗೆ ಮುಂಚೆ ಕಾರು ರಾತ್ರಿಯಿಡೀ ತಣ್ಣಗೆ ನಿಂತಿರಬೇಕು, ಯಾರೂ ಕೀ ತಿರುಗಿಸಬಾರದು. ಇದು ಸರ್ಕಾರದ ನಿಯಮ. ತಣ್ಣಗಿದ್ದ ಇಂಜಿನ್ ಎದ್ದ ಕೂಡಲೇ ಉಗುಳುವ ಹೊಗೆಯೇ ಬಲು ಕೊಳಕು. ಅದನ್ನೇ ಅಳೆಯಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಅವನ ತಲೆಗೊಂದು ದೊಡ್ಡ ನಮಸ್ಕಾರ!

ಆ ನಿಯಮ ಬಂದಾಗ ಕಾರು ಕಂಪನಿಗಳೆಲ್ಲ ಆಗೋದೇ ಇಲ್ಲ ಅಂತ ಬಾಯಿ ಬಡಿದುಕೊಂಡಿದ್ದವು. ಸರ್ಕಾರ ಜಗ್ಗಲಿಲ್ಲ. ಹೀಗಾಗಿ ನಮ್ಮ ಇಂಜಿನಿಯರ್ ಮನೆಯ ಬಿಸಿ ಊಟವನ್ನೇ ಮರೆತು ಕೆಲಸಕ್ಕೆ ಬಿದ್ದರು. ಕಾರ್ಖಾನೆಯವರು ಅವರಿಗೆ ಹೊಗೆರಾಯ ಅಂತಲೇ ಹೆಸರಿಟ್ಟಿದ್ದರು. ಇವತ್ತು ಕಾರು ಪಾಸಾದರೆ ನಾಳೆಯಿಂದ ತಿಂಗಳ ರಜೆ ಅಂತ ಮ್ಯಾನೇಜರ್ ಮಾತು ಕೊಟ್ಟಿದ್ದರು.

"ಈ ಸಲ ಕೈಕೊಟ್ರೆ ನಾನೊಬ್ಬಳೇ ಪ್ರವಾಸ ಹೋಗ್ತೀನಿ, ನೋಡ್ರೀ," ಎಂದಿದ್ದಳು ಹೆಂಡತಿ.

ಬೆಳಗ್ಗೆ ಬಂದು ನೋಡಿದರೆ ಕಂಪನಿಯ ಅಕೌಂಟೆಂಟ್ ಸಾಹೇಬರು ಸ್ಟೇರಿಂಗ್ ಹಿಡಿದು ಕೂತಿದ್ದಾರೆ!

"ಪರೀಕ್ಷೆ ರೋಲರ್ ಮೇಲೆ ಹತ್ತಿಸಿಕೊಡ್ತೀನಿ. ನಿಮಗ್ಯಾಕೆ ಸಾರ್ ಶ್ರಮ?"

"ಅಯ್ಯೋ, ಕೈ ತೆಗೀರಿ! ಸ್ಟಾರ್ಟ್ ಮಾಡಿದ್ರೆ ನನ್ನ ರಜೆ ಹೋಯ್ತು!"

ಹೊಗೆರಾಯರು ಕೀ ಕಿತ್ತುಕೊಂಡು, ಸಿಕ್ಕವರನ್ನೆಲ್ಲ ಸೇರಿಸಿಕೊಂಡು ಕಾರು ತಳ್ಳಿದರು. ಅಕೌಂಟೆಂಟ್ ಮಾತ್ರ ಇಳಿಯದೆ, "ಹಾಂ, ಇನ್ನೂ ಸ್ವಲ್ಪ!" ಎಂದು ಒಳಗಿಂದಲೇ ಹುರಿದುಂಬಿಸಿದರು.

ಸರ್ಕಾರದ ಪರೀಕ್ಷಾಧಿಕಾರಿ ಒಳಗೆ ಬರುವುದಕ್ಕೂ ಪೇಂಟ್ ವಿಭಾಗದ ಮೇಸ್ತ್ರಿ ಹೊಗೆರಾಯರ ಕಿವಿ ಕಚ್ಚುವುದಕ್ಕೂ ಸರಿಹೋಯಿತು.

"ಹೊಗೆ ಬರಬಾರದು ತಾನೇ? ಸೈಲೆನ್ಸರ್‌ಗೆ ಬಟ್ಟೆ ತುರುಕಿದೀನಿ. ಒಂದೆಳೆ ಹೊರಗೆ ಬಂದ್ರೆ ಕೇಳಿ!"

ಸೈಲೆನ್ಸರ್ ಬಾಯಿ ಕಟ್ಟಿದರೆ ಇಂಜಿನ್ ಏಳುವುದೇ ಇಲ್ಲ! ಬೂಟಿನ ಲೇಸು ಕಟ್ಟುವವರಂತೆ ಹೊಗೆರಾಯರು ಕಾರಿನ ಹಿಂದೆ ಬಗ್ಗಿ, ಬಟ್ಟೆ ಎಳೆದು ಜೇಬಿಗೆ ತುರುಕಿಕೊಂಡರು. ಅರ್ಧ ಹೊರಗೇ ನೇತಾಡಿತು.

"ಅದೇನ್ರೀ ಅದು?" ಎಂದರು ಅಧಿಕಾರಿ.

"ಕರ್ಚೀಫು ಸಾರ್!" ಎಂದು ಮುಖ ಒರೆಸಿಕೊಂಡದ್ದೇ ತಡ, ಮುಖವೆಲ್ಲ ನೀಲಿ ಬಣ್ಣ. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು.

ಪರೀಕ್ಷೆ ಶುರುವಾಯಿತು. ರೋಲರ್ ಮೇಲೆ ಚಕ್ರ ತಿರುಗಿ ಕಾರು ನಿಂತಲ್ಲೇ ಓಡಿತು, ವೇಗ ಏರಿತು, ಇಳಿಯಿತು. ಪರದೆಯ ಮೇಲಿನ ಹೊಗೆಯ ಅಂಕಿಗಳು ಮಾತ್ರ ಕೆಳಗೇ ಉಳಿದವು. ಅಧಿಕಾರಿ ಕನ್ನಡಕ ತೆಗೆದು ಮತ್ತೆ ನೋಡಿದರು.

"ನಾನು ಕೆಲಸಕ್ಕೆ ಸೇರಿದಾಗ ಈ ಕೋಣೇಲಿ ನಿಲ್ಲೋಕೆ ಆಗ್ತಿರಲಿಲ್ಲ, ಕಣ್ಣು ಉರಿಯೋದು," ಎಂದರು ಮೆಲ್ಲಗೆ. "ಇವತ್ತು ಉಸಿರಾಡ್ತಿದೀನಲ್ರೀ! ಮಿತಿಯ ಅರ್ಧವೂ ಇಲ್ಲ. ಪಾಸು!"

ಚಪ್ಪಾಳೆ ಬಿತ್ತು. ನೀಲಿ ಮುಖದ ಮೇಲೆ ಕಣ್ಣೀರಿಳಿಯಿತು. ಹೆಮ್ಮೆ ಅಂದರೆ ಹೆಮ್ಮೆ!

ಅಧಿಕಾರಿ ಅಲ್ಲೇ ನಿಂತು ಮೇಲಿನವರಿಗೆ ಫೋನ್ ಹಚ್ಚಿದರು. "ಸಾರ್, ಕಂಪನಿಯವರು ಆಗಲ್ಲ ಅಂತಿದ್ರಲ್ಲ, ಇಲ್ಲೊಬ್ರು ಮಾಡಿ ತೋರಿಸಿದಾರೆ. ಇನ್ನು ವ್ಯಾನುಗಳಿಗೂ ಇದೇ ಅಳತೆ ಹಾಕಬಹುದು... ಹೌದಾ? ಮುಂದಿನ ವರ್ಷದಿಂದಲೇನಾ? ಬಹಳ ಸಂತೋಷ!"

ಮ್ಯಾನೇಜರ್ ಮುಖ ಇಳಿಯಿತು. ಅವರ ಕಂಪನಿ ಮಾಡುವ ವ್ಯಾನು ಹೊರಟರೆ ಬೀದಿಯವರು ಕಿಟಕಿ ಮುಚ್ಚುತ್ತಿದ್ದರು. ಮ್ಯಾನೇಜರ್ ಹೊಗೆರಾಯರ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಎಂಥಾ ಕೆಲಸ ಮಾಡಿದಿರಿ! ನಾಳೆಯಿಂದ ವ್ಯಾನು ನಿಮ್ಮ ಕೈಗೆ. ಅದು ಪಾಸಾದ ದಿನವೇ ರಜೆ, ಇದು ನನ್ನ ಮಾತು."

ಹೊಗೆರಾಯರು ಮನೆಗೆ ಫೋನ್ ಮಾಡಿದರು.

"ಏನಾಯ್ತು? ಪಾಸಾಯ್ತಾ?"

"ಜಾಸ್ತಿನೇ ಪಾಸಾಗ್ಬಿಡ್ತು ಕಣೇ," ಎಂದು ಎಲ್ಲ ಹೇಳಿದರು.

ಆ ಕಡೆ ಹೆಂಡತಿ ನಿಟ್ಟುಸಿರು ಬಿಟ್ಟಳು.

"ಒಂಚೂರಾದರೂ ಹೊಗೆ ಬರೋ ಹಾಗೆ ಮಾಡಬಾರದಿತ್ತೇನ್ರೀ?"