ಕಳಕಪ್ಪನ ಧನ್ಯವಾದಕ್ಕೆ ಐದು ತಕರಾರು

ಕಾರಟಗಿಯಲ್ಲಿ ಕಳಕಪ್ಪನಷ್ಟು ಧನ್ಯವಾದ ಹೇಳುವ ಮನುಷ್ಯ ಮತ್ತೊಬ್ಬನಿರಲಿಲ್ಲ. ಚಿಲ್ಲರೆ ವಾಪಸು ಕೊಟ್ಟ ಕಂಡಕ್ಟರನಿಗೆ, ತೂಕ ಸರಿಯಾಗಿ ಹಾಕಿದ ಕಿರಾಣಿಯವನಿಗೆ, ಕೊನೆಗೆ ದಾರಿ ಬಿಟ್ಟ ಎಮ್ಮೆಗೂ ಅವನು ಸೈಕಲ್ ಮೇಲಿಂದಲೇ ಕೈಯೆತ್ತಿ ಮುಗಿಯುತ್ತಿದ್ದ. ೨೦೦೩ರ ಸುಗ್ಗಿಯಲ್ಲಿ ಹಾಗೆ ಕೈಯೆತ್ತಿದಾಗಲೇ, ದಾರಿ ಬಿಟ್ಟಂತೆ ಮಾಡಿದ ಎಮ್ಮೆ ಮನಸ್ಸು ಬದಲಿಸಿ ಮತ್ತೆ ಅಡ್ಡ ಬಂತು. ಭತ್ತದ ಲಾರಿಗಳ ಸಾಲಿನ ಮುಂದೆ ಕಳಕಪ್ಪ ಬಿದ್ದ. ಬಲಗಾಲಿನ ಎಲುಬು ಮುರಿಯಿತು.

ಹೆಂಡತಿ ದುರಗಮ್ಮ ಬಾಣಂತನಕ್ಕೆಂದು ಕುಷ್ಟಗಿಯ ತವರಿಗೆ ಹೋಗಿದ್ದಳು. ಆರು ವಾರ ಅವನನ್ನು ನೋಡಿಕೊಂಡದ್ದು ಓಣಿಯ ಮಂದಿ. ಎದ್ದು ಓಡಾಡುವಂತಾದ ಮೇಲೆ ಅವರಿಗೆಲ್ಲ ಬಾಯಿಮಾತಿನಲ್ಲಿ ಧನ್ಯವಾದ ಹೇಳಿದರೆ ಸಾಲದು ಎಂದು ಅವನಿಗೆ ಅನ್ನಿಸಿತು. ಅದೇ ಎಲ್ಲಕ್ಕೂ ಮೂಲವಾಯಿತು.

ಓಣಿಯ ತುದಿಯಲ್ಲಿ ಫಾತಿಮಾಬೀಯ ಎಸ್‌ಟಿಡಿ ಬೂತ್ ಇತ್ತು. ಆ ವರ್ಷ ಅಲ್ಲಿಗೆ ಎರಡು ಕಂಪ್ಯೂಟರ್ ಬಂದಿದ್ದವು. ಅಮೆರಿಕದ ಒಂದು ಕಂಪನಿ, ಜಗತ್ತಿನಲ್ಲಿ ಯಾರು ಕೇಳಿದರೂ ಇಂಟರ್ನೆಟ್ಟಿನಲ್ಲಿ ಒಂದು ಪುಟದ ಜಾಗವನ್ನು ಪುಕ್ಕಟೆ ಕೊಡುತ್ತದೆ ಎಂದು ಕಳಕಪ್ಪನಿಗೆ ಗೊತ್ತಾದದ್ದು ಅಲ್ಲೇ. ಊರ ಗಾಯರಾಣದಲ್ಲಿ ಯಾರ ದನವಾದರೂ ಮೇಯಬಹುದಲ್ಲ, ಹಾಗೆ.

"ಗುರ್ತು ಪರಿಚಯ ಇಲ್ಲದ ನನಗ ಮುಫತ್ತು ಜಾಗ ಕೊಡ್ತಾರಂದ್ರ ಅವರು ಎಂಥಾ ದೊಡ್ಡ ಮನಸಿನವರು ಇರಬೇಕ್ರಿ ಅಕ್ಕಾರ," ಎಂದು ಕಳಕಪ್ಪ ಕಣ್ಣು ಒದ್ದೆ ಮಾಡಿಕೊಂಡ. ಕನ್ನಡ ಅಕ್ಷರ ಹಾಕಿದರೆ ಬರೀ ಡಬ್ಬಿಡಬ್ಬಿ ಕಾಣಿಸುತ್ತಿದ್ದವು. ಹಾಗಾಗಿ ಇಂಗ್ಲಿಷಿನಲ್ಲೇ ಬರೆದ. ಒಬ್ಬೊಬ್ಬರ ಹೆಸರು ಹಾಕಿ, ಯಾರು ಏನು ಮಾಡಿದರು ಎಂಬುದನ್ನು ಒಂದಕ್ಷರ ಬಿಡದೆ ನಮೂದಿಸಿದ. ಕೊನೆಗೆ ಜಾಗ ಕೊಟ್ಟ ಕಂಪನಿಗೂ ಒಂದು ಧನ್ಯವಾದ. ಭಾನುವಾರ ಸಂಜೆಗೆ ಪುಟ ಸಿದ್ಧವಾಯಿತು.

ಸೋಮವಾರ ಮುಂಜಾನೆ ಅವನು ಕುಂಟುತ್ತ ನೀರಾವರಿ ಆಫೀಸಿಗೆ ಹೊರಟಾಗ ಬೂತಿನ ಮುಂದೆ ಇಪ್ಪತ್ತು ಮಂದಿ ನಿಂತಿದ್ದರು. ಪುಟದಲ್ಲಿ ಮೊದಲ ಹೆಸರು ಫಾತಿಮಾಬೀಯದು. ಫೋನಿನ ವಯರು ಉದ್ದ ಮಾಡಿ, ಕಳಕಪ್ಪನ ಹಾಸಿಗೆಯ ತನಕ ಕುಷ್ಟಗಿಯ ಸುದ್ದಿ ಮುಟ್ಟಿಸಿದವಳು ಅವಳು. ಆ ಸಂತೋಷಕ್ಕೆ ಅವಳು ಪುಟವನ್ನು ಪ್ರಿಂಟ್ ತೆಗೆದು ಗಾಜಿನ ಬಾಗಿಲಿಗೆ ಅಂಟಿಸಿದ್ದಳು. ಪಕ್ಕದ ಔಷಧದ ಅಂಗಡಿಯ ಹನಮೇಶ ಕನ್ನಡಕ ಏರಿಸಿ, ಕನ್ನಡ ಮಾಡಿ ಓದುತ್ತಿದ್ದ. ಡಾಕ್ಟರರ ಅಕ್ಷರವನ್ನೇ ಓದುವವನಿಗೆ ಇದೇನು ಮಹಾ.

"ಎರಡನೇದು, ನಮ್ಮ ಹೆಡ್ ಕ್ಲಾರ್ಕ್ ದೇವೇಂದ್ರಪ್ಪನವರಿಗೆ," ಎಂದು ಹನಮೇಶ ರಾಗ ಎಳೆದ. "ಅವರು ಹಾಜರಿ ಪುಸ್ತಕದಾಗ ಸಹಿ ಮಾಡಿ, ಆಫೀಸು ಬಿಟ್ಟು, ನನ್ನನ್ನ ಟಂಟಂ ಆಟೋದಾಗ ಗಂಗಾವತಿ ದವಾಖಾನಿಗೆ ಕರಕೊಂಡು ಹೋದ್ರು. ಎಕ್ಸ್‌ರೇ ಬರೂತನಕ ಮ್ಯಾಟ್ನಿ ನೋಡಿ ಬಂದ್ರು. ಆದರೂ ನನಗ ಬಾಳಿಹಣ್ಣು ತರೂದು ಮರೀಲಿಲ್ಲ."

ಮಂದಿ ನಕ್ಕರು. ಹನಮೇಶ ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿದ. ಐದನೆಯದರ ಹತ್ತಿರ ಅವನ ಕಣ್ಣು ನಿಂತಿತು. ಅವನು ಮೆಲ್ಲಗೆ ಕನ್ನಡಕ ತೆಗೆದು ಜೇಬಿಗಿಟ್ಟ. "ಮುಂದಿಂದು ಅಕ್ಷರ ಭಾಳ ಸಣ್ಣು ಅದಾವು," ಎಂದು ಅಂಗಡಿಗೆ ಹೋದ.

ಎಲ್ಲರೂ ತನ್ನನ್ನು ಮೆಚ್ಚಲು ಸೇರಿದ್ದಾರೆಂದು ಕಳಕಪ್ಪ ಕೈ ಮುಗಿದ. ಮುಗಿದ ಕೈಯನ್ನೇ ಹಿಡಿದು ದೇವೇಂದ್ರಪ್ಪ ಅವನನ್ನು ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದ.

"ಕಳಕಪ್ಪ, ನಾ ನಿನಗೇನು ಕೆಟ್ಟದ್ದು ಮಾಡೀನಿ?"

"ಏನೂ ಇಲ್ರಿ ಸರ. ಛಲೋದ ಮಾಡೀರಿ. ಅದನ್ನ ಬರದೀನಿ."

"ಅದ ಕೆಟ್ಟದಾಗೈತಿ. ಇವತ್ತ ಕೊಪ್ಪಳದಿಂದ ಸಾಹೇಬ್ರು ಬರೋರು ಅದಾರ. ಅವತ್ತು ನಾ ಕಾಲುವಿ ನೋಡಾಕ ಹೋಗಿದ್ದೆ ಅಂತ ಪುಸ್ತಕದಾಗ ಬರದೀನಿ. ನೀ ನೋಡಿದ್ರ ಮ್ಯಾಟ್ನಿ ಅಂತ ಅಮೆರಿಕಾಕ್ಕ ಹೇಳಿದಿ. ನಿನ್ನ ಆರು ವಾರದ ರಜಾದ ಫೈಲು ಸಾಹೇಬ್ರ ಮುಂದ ಇಡಾಂವ ನಾನು. ಸಂಜಿಯೊಳಗ ಆ ಪುಟ ಹೋಗಬೇಕು. ಇಲ್ಲಂದ್ರ ಆ ಫೈಲಿನಾಗ ಇಲಿ ಮರಿ ಹಾಕ್ತಾವು."

ರಜೆ ಮಂಜೂರಾಗದಿದ್ದರೆ ಆರು ವಾರ ಹೇಳದೆ ಕೇಳದೆ ಗೈರುಹಾಜರಾದಂತೆ; ನೌಕರಿಗೇ ಸಂಚಕಾರ. ಸಂಜೆಯೊಳಗೆ ತೆಗೆಸುತ್ತೇನೆಂದು ಕಳಕಪ್ಪ ಮಾತು ಕೊಟ್ಟು ನೀರು ಕುಡಿಯಲು ಮನೆಗೆ ಬಂದರೆ, ಪಕ್ಕದ ಮನೆಯ ಪಾರಮ್ಮ ಗೋಡೆಯಾಚೆಯಿಂದ ಕತ್ತು ಚಾಚಿದಳು.

"ತಮ್ಮಾ, ನನ್ನ ಹೆಸರೂ ಹಾಕೀಯಂತಲ್ಲ. ಏನಂತ ಬರದಿ?"

"ನಿಮ್ಮ ಋಣ ತೀರಸಾಕ ಆಗೂದಿಲ್ಲಬೇ ಯಕ್ಕಾ. ಎಲುಬು ಕೂಡಲಿ ಅಂತ ದಿನಾ ಎರಡು ಮೊಟ್ಟಿ, ಕೊಟ್ರಪ್ಪ ಮಾವಾರಿಗೆ ಗೊತ್ತಾಗದಂಗ ಹಿತ್ತಲದಾಗ ಕುದಿಸಿ ಕೊಟ್ಟೀರಂತ ಬರದೀನಿ."

ಪಾರಮ್ಮ ಗೋಡೆ ಹಿಡಿದುಕೊಂಡಳು. ಅವಳ ಗಂಡ ಕೊಟ್ರಪ್ಪ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಮನುಷ್ಯ. ಮೊಟ್ಟೆ ಕುದಿಸಿದ ಪಾತ್ರೆಯ ಸುದ್ದಿ ತಿಳಿದರೆ ಆ ಪಾತ್ರೆಯ ಜೊತೆ ತಾನೂ ಹೊರಗೆ ಬೀಳಬೇಕಾದೀತು ಎಂದು ಅವಳ ಹೆದರಿಕೆ. "ಅಳಿಸಿಬಿಡೋ ಯಪ್ಪಾ, ನಿನಗ ಪುಣ್ಯ ಬರ್ತೈತಿ," ಎಂದಳು.

ಅವಳು ಒಳಗೆ ಹೋದದ್ದೇ ತಡ, ಮುಂಬಾಗಿಲಿನಿಂದ ಕೊಟ್ರಪ್ಪ ಬಂದ. ವಿಭೂತಿ ಬೆವರಿಗೆ ಕರಗಿತ್ತು.

"ಸೂಪಿಂದು ಬರದಿಲ್ಲ ಹೌದಿಲ್ಲೋ?"

"ಬರೀದ ಹೆಂಗ ಇರ್ಲ್ರಿ ಮಾವಾರ? ಖಾನಾವಳಿಯಿಂದ ಕುರಿ ಕಾಲಿನ ಸೂಪು ತಂದು, ಒಬ್ಬನ ಕುಡ್ಯಾಕ ನನಗ ಬ್ಯಾಸರಾಗಬಾರದು ಅಂತ ನೀವೂ ಅರ್ಧ ಕುಡದು—"

"ಮೆಲ್ಲಕ ಮಾತಾಡೋ. ಪಾರಮ್ಮಗ ಗೊತ್ತಾದ್ರ ನಾ ಮನಿಯಾಗ ಹೆಂಗ ಇರ್ಲಿ?"

ಕಳಕಪ್ಪ ಬೂತಿಗೆ ಓಡಿದ. ಕುಂಟುಗಾಲಿನಲ್ಲಿ ಓಡುವುದೆಂದರೆ ಗಾಲಿ ಸೊಟ್ಟಗಾದ ಬಂಡಿ ಇಳುಕಲಿಗೆ ಬಿದ್ದಂತೆ. ಅಲ್ಲಿ ಹನಮೇಶ ಮೊದಲೇ ಕಾದಿದ್ದ. ಡಾಕ್ಟರರ ಚೀಟಿ ಇಲ್ಲದೆಯೇ ನೋವಿನ ಗುಳಿಗೆ ಕೊಟ್ಟ ಪುಣ್ಯಾತ್ಮನೆಂದು ಐದನೆಯ ಸಾಲಿನಲ್ಲಿ ಅವನಿಗೆ ವಂದನೆ ಸಂದಿತ್ತು. "ನನ್ನ ಲೈಸೆನ್ಸು ಹೋಗ್ತೈತೋ ಮಾರಾಯ," ಎಂದು ಅವನು ಅಳುವುದೊಂದು ಬಾಕಿ.

ಪುಟ ಅಳಿಸಲು ಗುಪ್ತಪದ, ಅಂದರೆ ಪಾಸ್‌ವರ್ಡ್, ಬೇಕು. ಕಳಕಪ್ಪ ಇಟ್ಟಿದ್ದ ಗುಪ್ತಪದ ಅವನ ನಾಲಿಗೆಯ ತುದಿಯಲ್ಲೇ ಇತ್ತು: ಧನ್ಯವಾದ. ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದಿದ್ದೆ ಎಂಬುದು ಮಾತ್ರ ನೆನಪಿರಲಿಲ್ಲ. ಮೊದಲು ಅಲ್ಪಪ್ರಾಣ ಹಾಕಿ ನೋಡಿದ. ಆಗಲಿಲ್ಲ. ಮಹಾಪ್ರಾಣ ಹಾಕಿದ. ಆಗಲಿಲ್ಲ. "ವಾ ಕ್ಕೆ ಎರಡು ಎ ಹಾಕ್ರಿ, ದೀರ್ಘ ಐತಲ್ಲ," ಎಂದು ಫಾತಿಮಾಬೀ ವ್ಯಾಕರಣ ಹೇಳಿದಳು. ಎರಡು ಹಾಕಿದ. ಮೂರು ಸಲ ತಪ್ಪಿದ್ದರಿಂದ ಇನ್ನು ಇಪ್ಪತ್ತನಾಲ್ಕು ಗಂಟೆ ಬಾಗಿಲು ತೆರೆಯುವುದಿಲ್ಲ ಎಂದು ಕಂಪ್ಯೂಟರ್ ಹೇಳಿತು.

"ಈ ಕಾಗದನಾದ್ರೂ ಹರೀರಿ ಅಕ್ಕಾರ," ಎಂದ ಹನಮೇಶ.

"ನನ್ನ ಹೆಸರು ಇಂಗ್ಲಿಷ್‌ನಾಗ ಬಂದಿದ್ದು ಇದ ಮೊದಲು. ಅಮೆರಿಕದಾಗಿಂದು ಹೋಗಲಿ, ಆಮ್ಯಾಲ ಇದರ ಮಾತು," ಎಂದಳು ಫಾತಿಮಾಬೀ. ಅಷ್ಟಕ್ಕೇ ಬಿಡದೆ ಪುಟದ ಕೆಳಗಿನ ಒಂದು ಸಾಲನ್ನೂ ತೋರಿಸಿದಳು. ಈ ಪುಟದ ಬಗ್ಗೆ ಯಾರಿಗಾದರೂ ತಕರಾರಿದ್ದರೆ ಕಂಪನಿಗೆ ಬರೆಯಬಹುದು, ನೊಂದವರೇ ಬರೆಯಬೇಕು, ಇಂಗ್ಲಿಷಿನಲ್ಲಿ ಬರೆಯಬೇಕು.

ನೊಂದವರು ನಾಲ್ವರು. ಓದಲು ಬರುತ್ತಿದ್ದ ಹನಮೇಶನಿಗೂ ಬರೆಯಲು ಬರುತ್ತಿದ್ದದ್ದು ಗುಳಿಗೆಯ ಹೆಸರು ಮಾತ್ರ. ಓಣಿಯಲ್ಲಿ ಇಂಗ್ಲಿಷ್ ಬರೆಯಬಲ್ಲವನು ಒಬ್ಬನೇ, ಕಳಕಪ್ಪ. ಹೀಗಾಗಿ ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಕಳಕಪ್ಪ ಕಳಕಪ್ಪನ ಮೇಲೆ ನಾಲ್ಕು ತಕರಾರು ಬರೆದ. ಒಬ್ಬರು ಹೊರಗೆ ಹೋದ ಮೇಲೆ ಇನ್ನೊಬ್ಬರು ಬಂದು ಅವನ ಪಕ್ಕದ ಸ್ಟೂಲಿನಲ್ಲಿ ಕೂತು ಬೈದರು. ಅವನು ಅದನ್ನು ಇಂಗ್ಲಿಷ್ ಮಾಡಿದ.

"ಒಳ್ಳೆಯ ಮನುಷ್ಯ, ಬುದ್ಧಿ ಸ್ವಲ್ಪ ಕಡಿಮೆ, ಅಂತ ಹಾಕ್ಲೇನ್ರಿ?" ಎಂದು ಕೇಳಿದ.

"ಖಾರ ಸಾಲದು. ಶುದ್ಧ ಸುಳ್ಳ ಅಂತ ಹಾಕು," ಎಂದ ದೇವೇಂದ್ರಪ್ಪ.

ಕಳಕಪ್ಪ ತಾನು ಶುದ್ಧ ಸುಳ್ಳನೆಂದು ತನ್ನ ಕೈಯಾರೆ ಬರೆದ. ಇವರೆಲ್ಲ ತನಗಾಗಿ ಮಾಡಿದ್ದು ಸುಳ್ಳೇ? ರಾತ್ರಿ ನೋವಿಗೆ ನರಳಿದಾಗ ಗುಳಿಗೆ ತಂದವನು, ಹಿತ್ತಿಲ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವಳು? ಆದರೂ ಬರೆದ. ಅವರು ಬಯಸಿದ್ದನ್ನು ಮಾಡಿಕೊಡುವುದೂ ಋಣ ತೀರಿಸುವ ಒಂದು ದಾರಿ ಎಂದುಕೊಂಡ. ಅಭ್ಯಾಸಬಲದಿಂದ ನಾಲ್ಕು ಪತ್ರಕ್ಕೂ ಮೊದಲೊಂದು, ಕೊನೆಗೊಂದು ಧನ್ಯವಾದ ಬಿತ್ತು.

ಅಮೆರಿಕದಲ್ಲಿ ಬೆಳಗಾಗುವ ತನಕ ಕಾಯಬೇಕಿತ್ತು. ಸಂಜೆ ಏಳಕ್ಕೆ ಎಲ್ಲರೂ ಬೂತಿನಲ್ಲಿ ಸೇರಿದರು. ಉತ್ತರ ಬಂದಿತ್ತು, ಕಳಕಪ್ಪನ ಹೆಸರಿಗೆ. ಅವನು ಕನ್ನಡ ಮಾಡುತ್ತ ಓದಿದ:

"ಪ್ರಿಯ ಕಳಕಪ್ಪನವರೇ, ನಿಮ್ಮ ಬಾಯಿ ಮುಚ್ಚಿಸಲು ಒಂದು ದುಷ್ಟಕೂಟ ಹೊಂಚು ಹಾಕಿದೆ. ನಾಲ್ಕು ಪತ್ರಗಳೂ ಒಂದೇ ಕಂಪ್ಯೂಟರಿನಿಂದ, ಒಂದೇ ಶೈಲಿಯಲ್ಲಿ, ಒಂದೇ ಬಗೆಯ ತಪ್ಪುಗಳೊಂದಿಗೆ ಬಂದಿವೆ. ಇದರ ಹಿಂದೆ ಒಬ್ಬನೇ ಕುತಂತ್ರಿ ಇದ್ದಾನೆ. ಹೆದರಬೇಡಿ. ಯಾರದೋ ಒತ್ತಡಕ್ಕೆ ಮಣಿದು ಒಬ್ಬರ ಮಾತನ್ನು ಅಳಿಸುವ ಜನ ನಾವಲ್ಲ. ನಿಮ್ಮ ಪುಟವನ್ನು ನಮ್ಮ ಮುಖಪುಟದಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇವೆ. ಆ ಕುತಂತ್ರಿ ನಿಮ್ಮ ಕೈಯಿಂದಲೇ ಬಲವಂತವಾಗಿ ತೆಗೆಸಬಾರದು ಎಂದು ಒಂದು ತಿಂಗಳು ಬೀಗ ಹಾಕಿದ್ದೇವೆ. ಅದು ನಿಮಗೂ ತೆರೆಯುವುದಿಲ್ಲ."

ದೇವೇಂದ್ರಪ್ಪ ಸ್ಟೂಲಿನ ಮೇಲೆ ಕುಸಿದ. ಮುಂಜಾನೆ ಪುಟ ನೋಡಿದವರ ಲೆಕ್ಕ ಒಂಬತ್ತಿತ್ತು. ಈಗ ಆರು ಸಾವಿರ ದಾಟಿತ್ತು. ಪುಟದ ಅಡಿಯಲ್ಲಿ ನೋಡಿದವರು ಅಭಿಪ್ರಾಯ ಬರೆಯುವ ಜಾಗವೂ ತುಂಬಿತ್ತು. ಓದಬೇಡ ಎಂದು ಪಾರಮ್ಮ ಒಂದು ಕಡೆ, ಕೊಟ್ರಪ್ಪ ಇನ್ನೊಂದು ಕಡೆ ಸನ್ನೆ ಮಾಡುತ್ತಿದ್ದರು. ಕಳಕಪ್ಪನಿಗೆ ಪರದೆ ಬಿಟ್ಟು ಬೇರೇನೂ ಕಾಣಲಿಲ್ಲ.

"ಕೆನಡಾದಿಂದ ಒಬ್ಬ ಮುದುಕಿ ಬರದಾಳ್ರಿ. 'ಹೋದ ವರ್ಷ ನನ್ನ ಕೈ ಮುರಿದಾಗ ಒಬ್ಬರೂ ಬಾಗಿಲು ತಟ್ಟಲಿಲ್ಲ. ಹಿತ್ತಿಲಲ್ಲಿ ಮೊಟ್ಟೆ ಕುದಿಸುವ ಪಾರಮ್ಮ ನನ್ನ ನೆರೆಯಲ್ಲಿ ಇರಬೇಕಿತ್ತು. ಅವಳ ಕೈಗೆ ನನ್ನದೊಂದು ಮುತ್ತು.' ಇನ್ನೊಬ್ಬಾಂವ, 'ನಾನು ಬಿದ್ದರೆ ನಮ್ಮ ಆಫೀಸಿನಲ್ಲಿ ದಾಟಿಕೊಂಡು ಹೋಗುತ್ತಾರೆ. ದೇವೇಂದ್ರಪ್ಪನವರಿಗೆ ನಮಸ್ಕಾರ.' ಮತ್ತೊಬ್ಬಾಂವ, 'ಒಬ್ಬನೇ ಕುಡಿಯಬಾರದೆಂದು ಸೂಪು ಹಂಚಿಕೊಂಡ ಕೊಟ್ರಪ್ಪನವರು ದೇವರಂಥವರು.'"

ಹನಮೇಶ ಕನ್ನಡಕ ಒರೆಸಿಕೊಂಡ. ತನಗೆ ನಮಸ್ಕಾರ ಹೇಳಿದ ಸಾಲನ್ನು ದೇವೇಂದ್ರಪ್ಪ ಎರಡು ಸಲ ಓದಿಸಿದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು.

"ನೀವು ಸೂಪು ಕುಡದ್ರಿ?" ಎಂದಳು ಪಾರಮ್ಮ.

"ಅರ್ಧ. ನೀ ಮೊಟ್ಟಿ ಕುದಿಸಿದಿ?"

"ದಿನಾ ಎರಡು."

ಕೊಟ್ರಪ್ಪ ಹಣೆಯ ಬೆವರು ಒರೆಸಿಕೊಂಡ. "ಇನ್ನಮ್ಯಾಲ ಯಾರಿಗರ ಬ್ಯಾನಿ ಬಂದ್ರ ಒಳಗ ಕುದಸು. ಹಿತ್ತಲದಾಗ ಗಾಳಿಗೆ ಕಟ್ಟಿಗಿ ಭಾಳ ಬೇಕಾಗ್ತಾವು," ಎಂದ.

ಕಳಕಪ್ಪನ ಕಣ್ಣಲ್ಲಿ ನೀರು ಬಂತು. ಕುಂಟುಗಾಲನ್ನೂ ಮರೆತು ಎದ್ದು ನಿಂತು, ಪರದೆಗೂ ಓಣಿಯವರಿಗೂ ಕೈ ಮುಗಿದ. ದೇವೇಂದ್ರಪ್ಪ ಅವನ ಬೆನ್ನು ತಟ್ಟಿ, ಕಂಕುಳಿನ ಫೈಲು ತೋರಿಸಿದ. "ನಿಂದ ಐತಿ. ಸಾಹೇಬ್ರ ಮುಂದ ಈಗ ಇಡ್ತೀನಿ."

ಅಷ್ಟರಲ್ಲಿ ಸಾಹೇಬರೇ ಬಂದರು. ಕೊಪ್ಪಳಕ್ಕೆ ಹೊರಟವರು ಮನೆಗೆ ಫೋನು ಮಾಡಲೆಂದು ಜೀಪು ನಿಲ್ಲಿಸಿದ್ದರು. ಗಾಜಿನ ಬಾಗಿಲಿನ ಮೇಲೆ ಇಂಗ್ಲಿಷ್ ಕಂಡು ನಿಂತು, ಮೇಲಿನಿಂದ ಕೆಳಗಿನ ತನಕ ಓದಿದರು. ದೇವೇಂದ್ರಪ್ಪ ಕಂಪ್ಯೂಟರಿನ ಹಿಂದೆ ತನ್ನ ದೇಹದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟನ್ನು ಅಡಗಿಸಿಕೊಂಡ.

"ದೇವೇಂದ್ರಪ್ಪ, ಹೊರಗ ಬರ್ರಿ. ಇವನ್ನ ನೀವ ದವಾಖಾನಿಗೆ ಒಯ್ದಿರೇನು?"

"ತಪ್ಪಾತ್ರಿ ಸರ."

"ತಪ್ಪೇನು ಬಂತು? ಮನುಷ್ಯ ಅಂದ್ರ ಹಂಗ ಇರಬೇಕು. ಫೈಲು ತರ್ರಿ." ಸಾಹೇಬರು ಪೆನ್ನು ತೆಗೆದರು. ಕಳಕಪ್ಪ ಉಸಿರು ಬಿಟ್ಟ. ಪೆನ್ನು ಕಾಗದಕ್ಕೆ ಒಂದು ಬೆರಳು ದೂರದಲ್ಲಿ ನಿಂತಿತು.

"ಕಳಕಪ್ಪ, ನೀ ದವಾಖಾನ್ಯಾಗ ಇದ್ದಾಗ, ಅರಾಮ ತಗೋ, ರಜಾ ನಾ ನೋಡ್ಕೋತೀನಿ ಅಂತ ಫೋನ್ ಮಾಡಿ ಹೇಳಿದಾಂವ ಯಾರು?"

"ನೀವ್ರಿ ಸರ."

"ಇದರಾಗ ಔಷಧದ ಅಂಗಡಿಯವ ಅದಾನ, ಸೂಪು ಕುಡದವ ಅದಾನ. ನಾ ಎಲ್ಲಿ ಅದೀನಿ?"

ಕಳಕಪ್ಪ ಪುಟವನ್ನು ಮೇಲಿನಿಂದ ಕೆಳಗೆ ಹುಡುಕಿದ. ಮರೆತಿದ್ದ. ಜೀವಮಾನದಲ್ಲಿ ಒಂದೇ ಒಂದು ಧನ್ಯವಾದ ಮರೆತಿದ್ದ.

ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು. "ಅವಸರ ಏನಿಲ್ಲ. ನಾಳೆ ಹತ್ತಕ್ಕ ಕೊಪ್ಪಳದಾಗ ಕಂಪ್ಯೂಟರಿನಾಗ ಈ ಪುಟ ತೆಗೆದು ನೋಡ್ತೀನಿ. ಹೆಸರು ಕಂಡ ಮ್ಯಾಲೆ ಸಹಿ." ಫೈಲು ಅವರ ಜೊತೆ ಜೀಪು ಹತ್ತಿತು.

ಪುಟಕ್ಕೆ ಒಂದು ತಿಂಗಳ ಬೀಗ. ಅಮೆರಿಕದವರ ಕಿವಿಗೆ ಮಾತು ಮುಟ್ಟಿಸಲು ತಕರಾರಿನ ಆ ಒಂದೇ ಕಿಂಡಿ. ಫಾತಿಮಾಬೀ ಕುರ್ಚಿ ಸರಿಸಿಕೊಟ್ಟಳು. ಪಾರಮ್ಮ ಚಹಾ ತರಲು ಹೋದಳು. ಕಳಕಪ್ಪ ಅವರಿಬ್ಬರಿಗೂ ಧನ್ಯವಾದ ಹೇಳಿ ಕೂತು, ಸಾಹೇಬರ ಹೆಸರಿನಲ್ಲಿ ಐದನೆಯ ತಕರಾರು ಶುರು ಮಾಡಿದ:

"ಮಾನ್ಯರೇ, ಧನ್ಯವಾದಗಳು. ಕಾರಟಗಿಯ ಕಳಕಪ್ಪ ಎಂಬಾತ ಉಪಕಾರ ಮರೆಯುವ ಮನುಷ್ಯ..."